ಲೈನಿನಲ್ಲಿ ಅಪ್ಪ

ಅವನ ನಿಜವಾದ ಹೆಸರು ಸಂಬಳದ ಚೀಟಿಯಲ್ಲಿತ್ತು. ಇನ್ನೆಲ್ಲೂ ಅದಕ್ಕೆ ಕೆಲಸವಿರಲಿಲ್ಲ. ಆಫೀಸಿನವರೆಲ್ಲ ಅವನನ್ನು ‘ವಿಷಾದ’ ಎಂದೇ ಕರೆಯುತ್ತಿದ್ದರು. ಬಟ್ಟೆ ಒಗೆಯುವ ಮಿಷನ್ನು, ಫ್ರಿಜ್ಜು, ಫ್ಯಾನು ಮಾರುವ ದೊಡ್ಡ ಕಂಪನಿಯೊಂದರ ದೂರು ವಿಭಾಗದಲ್ಲಿ ಫೋನೆತ್ತುವುದು ಅವನ ಉದ್ಯೋಗ. ಫ್ರಿಜ್ಜು ಕೆಡುವುದು ಯಾರದೋ ಮನೆಯಲ್ಲಿ, ಬೈಸಿಕೊಳ್ಳುವವನು ಇವನು. ಬೈಗುಳ ಒಂದು ಹದಕ್ಕೆ ಬಂದ ಮೇಲೆ, “ನಿಮಗಾದ ತೊಂದರೆಗೆ ವಿಷಾದಿಸುತ್ತೇವೆ” ಎನ್ನಬೇಕು. ಉಳಿದವರು ಅದನ್ನು ಕಂಡಕ್ಟರು ಸ್ಟಾಪಿನ ಹೆಸರು ಕೂಗಿದಂತೆ ಕೂಗಿ ಕೈತೊಳೆದುಕೊಳ್ಳುತ್ತಿದ್ದರು. ಇವನು ಮಾತ್ರ ಆ ಫ್ರಿಜ್ಜು ತನ್ನ ಸ್ವಂತ ಚಿಕ್ಕಪ್ಪನೇನೋ ಎಂಬಷ್ಟು ಸಂಕಟದಿಂದ ಹೇಳುತ್ತಿದ್ದ. ಮೂವತ್ತು ತುಂಬುವುದರೊಳಗೆ ಒಂದಾದರೂ ವಿದ್ಯೆಯಲ್ಲಿ ಹೆಸರು ಮಾಡಿದೆನಲ್ಲ ಎಂಬ ಸಮಾಧಾನ ಅವನಿಗಿತ್ತು.

ಕೆಲವು ವರ್ಷಗಳಿಂದ ಈ ವಿಷಾದವೆಲ್ಲ ಮನೆಯಿಂದಲೇ ನಡೆಯುತ್ತಿತ್ತು. ನಡುಮನೆಯ ಮೂಲೆಯಲ್ಲಿ ಒಂದು ಮೇಜು, ಅದರ ಮೇಲೆ ಕಂಪನಿಯ ಕಂಪ್ಯೂಟರು, ಕಿವಿಗೆ ಹೆಡ್‌ಫೋನು. ಕೂತಲ್ಲಿ ಕೂರುವ ಜಾತಿ ಅವನದಲ್ಲ. ಉದ್ದನೆಯ ವಯರು ಹಾಕಿಸಿಕೊಂಡು ಕಿಟಕಿಯಿಂದ ಅಡುಗೆಮನೆಯ ಬಾಗಿಲಿಗೆ, ಬಾಗಿಲಿಂದ ಕಿಟಕಿಗೆ ಓಡಾಡುತ್ತ ಮಾತಾಡುತ್ತಿದ್ದ. “ಕಾಲಿಗೆ ಚಕ್ರ ಕಟ್ಕೊಂಡು ಹುಟ್ಟಿದ್ದೀಯ. ನೆಲದ ಟೈಲ್ಸು ಸವೆದು ಹೋಗುತ್ತೆ, ಒಂದು ಕಡೆ ಕೂತ್ಕೊಳ್ಳೋ” ಎಂದು ಅಮ್ಮ ರೇಗುತ್ತಿದ್ದಳು. ಅಮ್ಮನದು ಅದೇ ಕಟ್ಟಡದ ಕೆಳಗೆ ಸಣ್ಣದೊಂದು ಟೈಲರಿಂಗ್ ಅಂಗಡಿ. ಊಟದ ಹೊತ್ತಿಗೆ ಬಾಯಿತುಂಬ ಗುಂಡುಸೂಜಿ ಕಚ್ಚಿಕೊಂಡೇ ಮೇಲೆ ಬರುವಳು, ಬಡಿಸಿ ಹೋಗುವಳು.

ಅಪ್ಪ ಸೋಫಾದ ಮೇಲಿರುತ್ತಿದ್ದ. ಆಯುಷ್ಯವೆಲ್ಲ ಕಾರ್ಖಾನೆಯ ಲೇತ್ ಮಿಷನ್ನಿನ ಗದ್ದಲದಲ್ಲಿ ದುಡಿದವನು. ಅಲ್ಲಿ ಕೂಗಿದರಷ್ಟೇ ಕೇಳಿಸುತ್ತಿತ್ತು. ಹಾಗಾಗಿ ಅವನ ಪಾಲಿಗೆ ಮಾತೆಂದರೆ ಒಂದೋ ಕೂಗು, ಇಲ್ಲವೇ ಮೌನ. ಮಗನೊಂದಿಗೆ ನೇರ ಮಾತು ಮೊದಲಿನಿಂದಲೂ ಇರಲಿಲ್ಲ. ಏನಿದ್ದರೂ ಅಮ್ಮನ ಮೂಲಕ. “ನಿನ್ನ ಮಗನಿಗೆ ಹೇಳು, ಬೈಕಿನ ಚೈನು ಸಡಿಲ ಆಗಿದೆ.” ಮಗ ಎದುರಿಗೇ ನಿಂತಿರುತ್ತಿದ್ದ. “ಆಗ್ಲಿ ಅಂತ ಹೇಳಮ್ಮ.” ಅಮ್ಮ ಇಬ್ಬರನ್ನೂ ನೋಡಿ, “ನಾನೇನು ನಿಮ್ಮಿಬ್ಬರ ಮಧ್ಯದ ಪೋಸ್ಟ್‌ಮ್ಯಾನಾ?” ಎನ್ನುತ್ತಿದ್ದಳು. ಇಬ್ಬರೂ ಇಲ್ಲವೆನ್ನುತ್ತಿರಲಿಲ್ಲ.

ಹೋದ ವರ್ಷ ಅಪ್ಪನಿಗೆ ಸ್ಟ್ರೋಕ್ ಆಯಿತು. ಕಾಲು ಬೇಗ ಸರಿಹೋಯಿತು, ಕೈ ತಕ್ಕಮಟ್ಟಿಗೆ. ಮಾತು ಮಾತ್ರ ಪೂರ್ತಿ ಹೋಗಿಬಿಟ್ಟಿತು. ಆಸ್ಪತ್ರೆಯಲ್ಲಿ ಮಾತು ಕಲಿಸುವ ಹೆಣ್ಣುಮಗಳು, “ಮನೇಲಿ ಮಾತು ಓಡಾಡ್ತಾ ಇರಲಿ. ಟಿವಿ ಸಾಲದು. ಗೊತ್ತಿರೋರ ದನಿ ಬೇಕು” ಎಂದಳು. ಆ ಮನೆಯಲ್ಲಿ ಓಡಾಡುತ್ತಿದ್ದ ಮಾತು ಯಾವುದು? ಕಿಟಕಿಯಿಂದ ಬಾಗಿಲಿಗೆ, ಬಾಗಿಲಿಂದ ಕಿಟಕಿಗೆ, ಕಂಪನಿಯ ಮಾತು.

ಕೆಲವು ತಿಂಗಳು ಕಳೆದ ಮೇಲೆ ಒಂದು ದಿನ ಅಮ್ಮ ತಟ್ಟೆ ತಂದಿಟ್ಟಳು. ಅಪ್ಪ ಅವಳ ಮುಖ ನೋಡಿ, ಬಾಯಿ ಓರೆ ಮಾಡಿಕೊಂಡು, ಒಂದೊಂದೇ ಅಕ್ಷರ ಎತ್ತಿಡುತ್ತ, “ಕರೆ... ಮಾಡಿದ್ದಕ್ಕೆ... ಧನ್ಯವಾದ” ಎಂದ.

ಅಮ್ಮ ನಿಂತಲ್ಲೇ ಕೂತಳು. ಅತ್ತಳು, ಆಮೇಲೆ ಸೆರಗಿನಿಂದ ಮೂಗೊರೆಸಿಕೊಂಡು, “ಮದುವೆಯಾದಾಗಿಂದ ಒಂದು ಸಾರೀನೂ ಅಂದವರಲ್ಲ. ಅಂತೂ ಕಂಪನಿ ಕಲಿಸ್ತು” ಎಂದು ನಕ್ಕಳು.

ಅಲ್ಲಿಂದಾಚೆಗೆ ಅಪ್ಪ ಬಲು ಮರ್ಯಾದಸ್ಥನಾದ. ಸ್ನಾನಕ್ಕೆ ಕರೆದರೆ “ದಯವಿಟ್ಟು ಲೈನಿನಲ್ಲೇ ಇರಿ.” ಮಾತ್ರೆ ಕೊಟ್ಟರೆ “ನಿಮ್ಮ ದೂರು ದಾಖಲಾಗಿದೆ.” ಕೇಳಿದ್ದನ್ನೇ ಒಪ್ಪಿಸುತ್ತಿದ್ದಾನೆಯೇ, ಅರಿತು ಆಡುತ್ತಿದ್ದಾನೆಯೇ ಎಂದು ಗೊತ್ತಾಗುತ್ತಿರಲಿಲ್ಲ. ಆದರೂ ವಿಷಾದ ಆ ದಿನಗಳಲ್ಲಿ ಸ್ವಲ್ಪ ಗಟ್ಟಿಯಾಗಿ, ಬಿಡಿಸಿ ಬಿಡಿಸಿ ಮಾತಾಡತೊಡಗಿದ. ಗ್ರಾಹಕರು ಅವನಿಗೆ ಒಳ್ಳೆಯ ಅಂಕ ಕೊಟ್ಟರು. ಅವರಿಗೇನು ಗೊತ್ತು, ಇವನು ಕ್ಷಮೆ ಕೇಳುತ್ತಿದ್ದುದು ಸೋಫಾದ ಕಡೆ ತಿರುಗಿಕೊಂಡು.

ಅಷ್ಟರಲ್ಲಿ ಆ ಮೇಲ್ ಬಂತು. ತಲೆಬರಹ, ‘ಮತ್ತೆ ಒಂದಾಗೋಣ.’ ಬರುವ ತಿಂಗಳಿಂದ ಎಲ್ಲರೂ ವಾರದ ಎಲ್ಲ ಕೆಲಸದ ದಿನವೂ ಆಫೀಸಿಗೆ ಬರತಕ್ಕದ್ದು. ಎದುರುಬದುರು ಕೂತಾಗಲೇ ನಿಜವಾದ ಮಾತು ಹುಟ್ಟುತ್ತದೆ ಎಂದು ಕಂಪನಿಯ ಮುಖ್ಯಸ್ಥರು ಬರೆದಿದ್ದರು. ಜೊತೆಗಿದ್ದ ಫೋಟೋದಲ್ಲಿ ನಾಲ್ಕು ಜನ ಒಂದೇ ಲ್ಯಾಪ್‌ಟಾಪ್ ನೋಡಿ ಹಲ್ಲು ಕಿರಿಯುತ್ತಿದ್ದರು. ವಿಷಾದ ಅದನ್ನು ಓದಿ ಕಿಟಕಿಗೆ ಹೋದ, ಬಾಗಿಲಿಗೆ ಬಂದ, ಮತ್ತೆ ಕಿಟಕಿಗೆ ಹೋದ. ಟೀಮ್ ಲೀಡರ್ ಮೇಡಂಗೆ ಫೋನ್ ಮಾಡಿ ಅಪ್ಪನ ವಿಷಯ ಹೇಳಿದ.

“ನನಗೆ ಅರ್ಥ ಆಗುತ್ತೆ. ಆದ್ರೆ ಒಬ್ಬರಿಗೆ ಬಿಟ್ರೆ ನಾಳೆ ಎಲ್ಲರ ಮನೇಲೂ ಅಪ್ಪಂದಿರು ಹುಟ್ಕೋತಾರೆ,” ಎಂದರು ಮೇಡಂ. ಅವರದೇನೂ ಕೆಟ್ಟ ಮನಸ್ಸಲ್ಲ. ಅವರ ಮಗುವೂ ಆ ತಿಂಗಳಿಂದ ಪಾಲನಾ ಕೇಂದ್ರಕ್ಕೆ ಹೋಗಬೇಕಿತ್ತು.

ನಾಲ್ಕು ಮಾತು ಖಡಕ್ಕಾಗಿ ಹೇಳಬೇಕೆಂದು ಬಾಯಿ ತೆರೆದವನು, “ಸರಿ ಮೇಡಂ, ತೊಂದರೆ ಕೊಟ್ಟಿದ್ದಕ್ಕೆ ವಿಷಾದಿಸುತ್ತೇವೆ” ಎಂದು ಫೋನಿಟ್ಟ. ಬೇರೆಯವರ ಸಿಟ್ಟನ್ನು ತಣಿಸಿ ತಣಿಸಿ ಅವನ ಸ್ವಂತ ಸಿಟ್ಟಿಗೂ ತಣ್ಣಗಾಗುವ ಚಟ ಹತ್ತಿತ್ತು.

ಆಫೀಸಿನಲ್ಲಿ ಒಂದಾಗುವುದು ಗೇಟಿನಿಂದಲೇ ಶುರುವಾಯಿತು. ಕಾರ್ಡು ಉಜ್ಜಲು ಸಾಲು, ಲಿಫ್ಟಿಗೆ ಸಾಲು, ಕಾಫಿ ಮಿಷನ್ನಿಗೆ ಸಾಲು. ಜನರಿಗಿಂತ ಕುರ್ಚಿ ಕಮ್ಮಿ. ತಡವಾಗಿ ಬಂದವರು ಊಟದ ಹಾಲಿನಲ್ಲಿ, ಮೆಟ್ಟಿಲ ಮೇಲೆ ಕೂತು ಗ್ರಾಹಕರಿಗೆ ಸಮಾಧಾನ ಹೇಳುತ್ತಿದ್ದರು. ಕೆಲವರು ಕಾರ್ಡು ಉಜ್ಜಿ, ಕಾಫಿ ಕುಡಿದು, ಬಂದ ದಾರಿಯಲ್ಲೇ ಮನೆಗೆ ವಾಪಸಾಗುತ್ತಿದ್ದರು. ಆ ಧೈರ್ಯವೂ ವಿಷಾದನಿಗೆ ಇರಲಿಲ್ಲ. ಪಕ್ಕದ ಕುರ್ಚಿಯಲ್ಲಿ ಕಾಲು ಎಲ್ಲಿಡಬೇಕೆಂದು ತಿಳಿಯದ ಒಬ್ಬ ಉದ್ದನೆಯ ಆಸಾಮಿ. ಎಲ್ಲರೂ ಅವನನ್ನು ಉದ್ದಣ್ಣ ಎನ್ನುತ್ತಿದ್ದರು. ವರ್ಷಗಟ್ಟಲೆ ಪರದೆಯ ಮೇಲೆ ಮಾತಾಡಿದ್ದ ಅವರಿಬ್ಬರೂ ಈಗ ಮೊಣಕೈ ತಾಗುವಷ್ಟು ಹತ್ತಿರ. ಇಬ್ಬರ ಕಿವಿಯಲ್ಲೂ ಹೆಡ್‌ಫೋನು.

“ಎದುರುಬದುರು ಮಾತು ಹುಟ್ತಾ?” ಎಂದು ಉದ್ದಣ್ಣ ಚೀಟಿಯಲ್ಲಿ ಬರೆದು ತಳ್ಳಿದ.

“ಇನ್ನೂ ನೋವು ಶುರುವಾಗಿಲ್ಲ,” ಎಂದು ಇವನು ಬರೆದ.

ಮನೆಯಲ್ಲಿ ಅಪ್ಪ ಬಾಯಿ ಮುಚ್ಚಿಕೊಂಡಿದ್ದ. ಮೊದಲ ವಾರ ‘ಧನ್ಯವಾದ’ ಉಳಿದಿತ್ತು. ಎರಡನೇ ವಾರ ಅದೂ ಅರ್ಧವಾಯಿತು. ಅಮ್ಮ ಅಂಗಡಿ ಬಿಟ್ಟು ಬಂದು ಮಾತಾಡಿಸಿ ನೋಡಿದಳು. “ನನ್ನ ದನಿ ಕೇಳಿ ಕೇಳಿ ಅವರ ಕಿವಿ ಯಾವಾಗಲೋ ಬಾಗಿಲು ಹಾಕ್ಕೊಂಡಿದೆ ಕಣೋ. ನೀನು ಏನಾದ್ರೂ ಮಾಡು” ಎಂದಳು. ವಿಷಾದನಿಗೆ ರಾತ್ರಿ ನಿದ್ದೆಯಿಲ್ಲ, ಹಗಲು ಕುರ್ಚಿಯಲ್ಲಿ ನೆಮ್ಮದಿಯಿಲ್ಲ. ಕುರ್ಚಿ ತಿರುಗಿಸುವುದು, ಪೆನ್ನಿನ ಗುಂಡಿ ಒತ್ತುವುದು, ಕಾಲು ಅದುರಿಸುವುದು. ಮೇಜು ನಡುಗಿ ಉದ್ದಣ್ಣನ ಕಾಫಿ ಚೆಲ್ಲಿತು.

ಕೊನೆಗೆ ಒಂದು ಉಪಾಯ ಹೂಡಿದ. ದೂರು ವಿಭಾಗದೊಳಗೆ ಸ್ವಂತ ಫೋನ್ ಒಯ್ಯುವಂತಿಲ್ಲ. ಬಾಗಿಲ ಬಳಿಯ ಲಾಕರಿನಲ್ಲಿ ಇಡಬೇಕು. ಅವನು ಲಾಕರಿಗೆ ಒಂದು ಕೆಟ್ಟ ಫೋನ್ ಹಾಕಿ, ಒಳ್ಳೆಯದನ್ನು ಅಂಗಿಯ ಒಳಜೇಬಿಗೆ ಸೇರಿಸಿದ. ಬೆಳಿಗ್ಗೆ ಮನೆಗೆ ಫೋನ್ ಮಾಡುವನು. ಅಮ್ಮ ತನ್ನ ಫೋನನ್ನು ಸ್ಪೀಕರಿನಲ್ಲಿಟ್ಟು ಸೋಫಾದ ತೋಳಿನ ಮೇಲೆ ಒರಗಿಸಿ ಅಂಗಡಿಗೆ ಇಳಿಯುವಳು. ಒಂದು ಕಿವಿಗೆ ಪುಟ್ಟ ಇಯರ್‌ಬಡ್ಡು, ಅದರ ಮೇಲೆ ಕಂಪನಿಯ ಹೆಡ್‌ಫೋನು. ಒಂದು ಕಿವಿಯಲ್ಲಿ ಗ್ರಾಹಕ, ಇನ್ನೊಂದರಲ್ಲಿ ಅಪ್ಪನ ಉಸಿರು. ದಿನವಿಡೀ ಲೈನು ತೆರೆದೇ ಇರುತ್ತಿತ್ತು.

ವಾರ ಕಳೆಯುವುದರೊಳಗೆ ಇಯರ್‌ಬಡ್ಡಿನಲ್ಲಿ ಗುಣುಗುಣು ಶುರುವಾಯಿತು. “ದೂರು... ದಾಖಲು...” ವಿಷಾದನಿಗೆ ಕುರ್ಚಿಯಲ್ಲೇ ಕುಣಿಯುವಂತಾಯಿತು. ಲೈನಿನಲ್ಲಿದ್ದ ಗ್ರಾಹಕ, “ನನ್ನ ಫ್ಯಾನು ಸುಟ್ಟು ಹೋಗಿದೆ, ನೀವು ನಗ್ತೀರಲ್ರೀ!” ಎಂದು ಕೂಗಾಡಿದ.

ಎಡವಟ್ಟಾದದ್ದು ಒಂದು ಮಧ್ಯಾಹ್ನ. ಒಗೆಯುವ ಮಿಷನ್ನಿನ ಬಾಗಿಲು ಕಚ್ಚಿಕೊಂಡು, ಮರುದಿನದ ಸಂದರ್ಶನಕ್ಕೆ ಉಡಬೇಕಾದ ಸೀರೆ ಒಳಗೆ ಸಿಕ್ಕಿಕೊಂಡ ಹೆಂಗಸು ಲೈನಿನಲ್ಲಿದ್ದಳು. ಬಾಗಿಲಿನ ಬಿಡಿಭಾಗ ಯಾವ ಗೋದಾಮಿನಲ್ಲೂ ಇರಲಿಲ್ಲ. ವಿಷಾದ ಪರದೆ ಸರಿಸುತ್ತ, ಏನು ಹೇಳಬೇಕೋ ತೋಚದೆ ಸುಮ್ಮನಾದ. ಅದೇ ಗಳಿಗೆಯಲ್ಲಿ ಇಯರ್‌ಬಡ್ಡಿನ ಚಾರ್ಜು ಮುಗಿಯಿತು. ಜೇಬಿನ ಫೋನು ತಾನಾಗಿಯೇ ಸ್ಪೀಕರಿಗೆ ತಿರುಗಿತು. ಅವನ ಎದೆಯೊಳಗಿಂದಲೇ ಬಂದಂತೆ, ಎಳೆದೆಳೆದು, ತೊದಲುತ್ತ ಒಂದು ಗಂಡಸಿನ ದನಿ ಹೊರಟಿತು:

“ನಿಮ್ಮ... ತೊಂದ್ರೆ... ನಮ್ಗೆ... ಅರ್ಥ...”

“ಯಾರ್ರೀ ಅದು?” ಎಂದಳು ಹೆಂಗಸು. “ಕುಡಿದಿದ್ದೀರಾ? ಹಗಲು ಹೊತ್ತಲ್ಲೇ ಕುಡಿದು ಕೂತಿದ್ದೀರಾ?”

ಅವನು ಜೇಬು ಹಿಸುಕಿದ. ಅಪ್ಪನ ದನಿ ಅಂಗಿಯೊಳಗೆ ಇನ್ನೂ ಒಂದು ಅಕ್ಷರ ಆಡಿ ನಿಂತಿತು. ಉದ್ದಣ್ಣ ಕಣ್ಣರಳಿಸಿ ನೋಡುತ್ತಿದ್ದ.

ಸಂಜೆಯೊಳಗೆ ಕರೆ ಬಂತು. ಗಾಜಿನ ಕೋಣೆಯಲ್ಲಿ ಟೀಮ್ ಲೀಡರ್ ಮೇಡಂ, ಎಚ್‌ಆರ್ ವಿಭಾಗದ ಒಬ್ಬ ಸಾಹೇಬರು. ಸಾಹೇಬರು ರೆಕಾರ್ಡಿಂಗ್ ಹಾಕಿದರು.

“ಕುಡಿದಿದ್ರಾ?”

“ಇಲ್ಲ ಸಾರ್.”

“ಮತ್ತೆ ಈ ದನಿ ಯಾರದು?”

ಕುಡಿದಿದ್ದೆ ಎಂದರೆ ಕೆಲಸ ಹೋಗುತ್ತದೆ. ಫೋನು ತಂದಿದ್ದೆ ಎಂದರೂ ಹೋಗಬಹುದು. ಆದರೆ ಅಪ್ಪನ ದನಿಯನ್ನು ಕುಡುಕನದೆನ್ನಲು ಬಿಟ್ಟು ಸುಮ್ಮನಿರಲು ಅವನಿಂದಾಗಲಿಲ್ಲ. “ನಮ್ಮಪ್ಪ,” ಎಂದ.

ಸಾಹೇಬರು ಮೇಡಂ ಕಡೆ ತಿರುಗಿದರು. “ಇವರಪ್ಪಾನೂ ನಮ್ಮಲ್ಲೇ ಕೆಲಸಕ್ಕಿದ್ದಾರಾ?”

ವಿಷಾದ ಎಲ್ಲವನ್ನೂ ಹೇಳಿದ. ಹೇಳುತ್ತ ಹೇಳುತ್ತ ಎದ್ದು ಗಾಜಿನ ಗೋಡೆಯಿಂದ ಬಾಗಿಲಿಗೆ ಓಡಾಡತೊಡಗಿದ್ದ. ಕೂತುಕೊಳ್ಳಿ ಎಂದು ಸಾಹೇಬರು ಎರಡು ಸಲ ಹೇಳಬೇಕಾಯಿತು.

“ಇನ್ನೊಂದ್ ಸಲ ಹಾಕ್ತೀರಾ ಸಾರ್?” ಎಂದು ಅವನು ಕೇಳಿದ.

ಮತ್ತೆ ಕೇಳಿದಾಗ ಅವನಿಗೆ ಗೊತ್ತಾಯಿತು. ಹೆಡ್‌ಫೋನಿನೊಳಗಿದ್ದ ಆ ಹೆಂಗಸಿನ ದನಿ ಅಪ್ಪನಿಗೆ ಕೇಳಿಸಿರಲು ಸಾಧ್ಯವಿಲ್ಲ. ಕೇಳಿಸಿದ್ದು ಮಗನ ದನಿ. ಆಮೇಲೆ ಕೇಳಿಸಿದ್ದು ಮಗ ಮಾತಿಲ್ಲದೆ ತಡವರಿಸಿದ್ದು. ಮಗನಿಗೆ ಮಾತು ಸಿಗದ ಜಾಗಕ್ಕೆ ಅಪ್ಪ ತನಗೆ ತಿಳಿದ ಮಾತನ್ನು ತಂದಿಟ್ಟಿದ್ದ. ಅದು ಬಾಯಿಪಾಠವಲ್ಲ. ವಿಷಾದ ತಲೆ ತಗ್ಗಿಸಿದ. ಸಾಹೇಬರು ಅದನ್ನು ಪಶ್ಚಾತ್ತಾಪ ಎಂದುಕೊಂಡು ಸ್ವಲ್ಪ ಮೆತ್ತಗಾದರು.

“ಗ್ರಾಹಕರ ಮಾತು ಹೊರಗಿನವರಿಗೆ ಕೇಳಿಸೋ ಹಾಗಿಲ್ಲ, ಗೊತ್ತಲ್ಲ? ಈ ಸಲ ಎಚ್ಚರಿಕೆ ಕೊಟ್ಟು ಬಿಡ್ತೀವಿ. ಫೋನ್ ಲಾಕರಿಗೆ ಹೋಗ್ಬೇಕು. ಇನ್ನೊಮ್ಮೆ ಸಿಕ್ಕಿದ್ರೆ ಮನೆಗೆ.”

“ಅದೇ ಸಾರ್ ನಾನು ಕೇಳ್ತಿರೋದು,” ಎಂದು ಬಾಯಿತಪ್ಪಿ ಬಂತು. ಮೇಡಂ ಕೆಮ್ಮಿನ ನೆಪದಲ್ಲಿ ಮುಖ ಮುಚ್ಚಿಕೊಂಡರು. ಸಾಹೇಬರು ನಗಲಿಲ್ಲ. ಮನೆಯಿಂದ ಕೆಲಸ ಮಾಡಲು ಬಿಡಿ ಎಂದು ಅವನು ಜೀವನದಲ್ಲಿ ಮೊದಲ ಸಲ ಜೋರಾಗಿಯೇ ಕೇಳಿದ. ಆಗುವುದಿಲ್ಲ ಎಂದು ಅವರು ಮೆಲ್ಲಗೇ ಹೇಳಿದರು.

ಮನೆಗೆ ಬಂದಾಗ ಅಮ್ಮ ಇನ್ನೂ ಅಂಗಡಿಯಲ್ಲಿದ್ದಳು. ಫೋನು ಸೋಫಾದ ತೋಳಿನ ಮೇಲೆ ಹಾಗೇ ಒರಗಿತ್ತು. ಅಪ್ಪ ಅದನ್ನೇ ನೋಡುತ್ತಿದ್ದ. ಮಗನನ್ನು ಕಂಡು, ಫೋನನ್ನು ಕಂಡು, ಮತ್ತೆ ಮಗನನ್ನು ನೋಡಿದ. ವಿಷಾದ ಫೋನೆತ್ತಿ ಕಪಾಟಿನ ಮೇಲಿಟ್ಟ.

“ನಾಳೆಯಿಂದ ಇದು ಇಲ್ಲ ಅಪ್ಪ,” ಎಂದ.

ಅಪ್ಪನ ಕಣ್ಣು ಕಪಾಟಿನ ಕಡೆ ಹೋಯಿತು.

ವಿಷಾದ ಸೋಫಾದ ತುದಿಯಲ್ಲಿ ಕೂತ. ಕೂತ ಮೇಲೆ ಕಷ್ಟ ಗೊತ್ತಾಯಿತು. ಗ್ರಾಹಕರಿಲ್ಲ, ಮಧ್ಯೆ ಅಮ್ಮನಿಲ್ಲ. ಅಪ್ಪನ ಜೊತೆ ಏನು ಮಾತಾಡಬೇಕೆಂದೇ ತಿಳಿಯದು. ಬೈಕಿನ ಚೈನು ಎನ್ನೋಣವೆಂದರೆ ಬೈಕು ಮಾರಿಯಾಗಿತ್ತು. ಕಾಲು ಅದುರತೊಡಗಿತು. ಎದ್ದು ಕಿಟಕಿಗೆ ಹೋದ. ಅಲ್ಲಿ ನಿಂತೇ, ಬೇರೆ ಏನೂ ಹೊಳೆಯದೆ, ಹೊಟ್ಟೆಯಲ್ಲಿದ್ದ ಉರಿಯನ್ನೇ ಆಡತೊಡಗಿದ.

“ಆ ಗಾಜಿನ ಕೋಣೇಲಿ ಕೂರಿಸ್ಕೊಂಡು ಕುಡಿದಿದ್ದೀಯಾ ಅಂತ ಕೇಳಿದ್ರು ಅಪ್ಪ. ನಾನು ಒಂದು ಕಪ್ ಕಾಫಿಗೇ ತೂರಾಡೋನು! ಅಪ್ಪನೂ ಇಲ್ಲೇ ಕೆಲಸ ಮಾಡ್ತಾರಾ ಅಂತ ಬೇರೆ ಕೇಳ್ತಾನೆ ಆ ಮನುಷ್ಯ. ಹೌದು, ಸಂಬಳ ಕೊಡಿ ಅನ್ನಬೇಕಿತ್ತು, ಹೊಳೀಲಿಲ್ಲ. ಆಮೇಲೆ ಹೊಳೀತು, ಬಸ್ಸಲ್ಲಿ. ನಂಗೆ ಎಲ್ಲಾ ಬಸ್ಸಲ್ಲೇ ಹೊಳೆಯೋದು. ನಮ್ಮ ಉದ್ದಣ್ಣ ಇದಾನಲ್ಲ, ಅವನ ಕಾಲು ಮೇಜಿನ ಕೆಳಗೆ ಹಿಡಿಯೋದೇ ಇಲ್ಲ. ಇವತ್ತು ಮೇಡಂ ಎಡವಿ ಬಿದ್ರು, ಅವನೇ ವಿಷಾದಿಸುತ್ತೇವೆ ಅಂದ...”

ಬಾಗಿಲಿಗೆ ಬಂದು, ಕಿಟಕಿಗೆ ಹೋಗಿ, ಹೇಳುವುದು ಮುಗಿದು ನಿಂತ. ಗಂಟಲು ಒಣಗಿತ್ತು. ನಾಳೆ ಬೇಗ ಹೋಗದಿದ್ದರೆ ಮತ್ತೆ ಮೆಟ್ಟಿಲೇ ಗತಿ ಎಂಬ ಯೋಚನೆ ಆಗಲೇ ತಲೆ ಕೊರೆಯತೊಡಗಿತ್ತು.

ಅಪ್ಪ ಸೋಫಾದಲ್ಲಿ ಮುಂದಕ್ಕೆ ಸರಿದಿದ್ದ. ಬಾಯಿ ಒಂದು ಕಡೆಗೆ ಎಳೆದುಕೊಂಡಿತು, ತುಟಿ ಕೂಡಲು ಹೆಣಗಿತು. ವಿಷಾದ ಅವನ ಬಾಯಿಯನ್ನೇ ನೋಡುತ್ತ ಉಸಿರು ಬಿಗಿಹಿಡಿದ. ಈಗ ‘ದೂರು ದಾಖಲಾಗಿದೆ’ ಎನ್ನುತ್ತಾನೆ ಎಂದುಕೊಂಡ.

“ಆ... ಮೇಲೆ?” ಎಂದ ಅಪ್ಪ.

ಕಂಪನಿಯವರು ಯಾರಿಗೂ ಕಲಿಸದ ಮಾತು ಅದು. ಅಪ್ಪನೂ ಆ ಮನೆಯಲ್ಲಿ ಹಿಂದೆಂದೂ ಆಡಿದ್ದಿಲ್ಲ. ಉತ್ತರಕ್ಕಾಗಿ ಅವನು ಮಗನ ಮುಖವನ್ನೇ ನೋಡುತ್ತ ಕೂತಿದ್ದ. ಹೇಳಲು ಇನ್ನೇನೂ ಉಳಿದಿರಲಿಲ್ಲ, ಸುಮ್ಮನಾಗುವಂತೆಯೂ ಇರಲಿಲ್ಲ.

“ಆಮೇಲಾ? ಆಮೇಲೆ ಲಿಫ್ಟು ಮಧ್ಯದಲ್ಲೇ ನಿಂತು ಹೋಯ್ತು ನೋಡಪ್ಪ,” ಎಂದು ವಿಷಾದ ಮತ್ತೆ ಬಾಗಿಲ ಕಡೆ ನಡೆದ. ಲಿಫ್ಟು ನಿಂತಿರಲಿಲ್ಲ.