ಓಣಿ ಮಂದಿ ಕಟ್ಟಿದ ಬ್ಯಾಗು

"ಈ ಬ್ಯಾಗು ನೀವೇ ಕಟ್ಟೀರೇನು?" ಅಂತ ಹೈದರಾಬಾದ್ ವಿಮಾನ ನಿಲ್ದಾಣದಾಗ ತಪಾಸಣಿ ಮಾಡೋ ಹೆಣ್ಣುಮಗಳು ಹಿಂದಿಯಾಗ ಕೇಳಿದಳು. ನಾ ಮಸ್ಕತ್ತಿಗೆ, ತಂಗಿ ಮನಿಗೆ ಹೊಂಟಿದ್ದೆ.

"ಇಲ್ರಿ, ಓಣಿ ಮಂದಿ ಕಟ್ಯಾರ," ಅಂದೆ. ಸುಳ್ಳಲ್ಲ. ನಮ್ಮೂರು ಸಗರದಾಗ ಯಾರರ ಪರಊರಿಗೆ ಹೊಂಟರ ಎಲ್ಲಾರೂ ಒಂದೊಂದು ಗಂಟು ಕೊಡ್ತಾರ. ಒಳಗೇನದ ಅಂತ ಕೇಳಿದರ ಸಿಟ್ಟಾಗ್ತಾರ.

ಆಕಿ ಎಲ್ಲಾ ಬಿಚ್ಚಿಸಿದಳು. ರೊಟ್ಟಿ, ಅದಕ ಹಚ್ಚಿಕೊಳ್ಳೋ ಶೇಂಗಾ ಹಿಂಡಿ ಆದಮ್ಯಾಲೆ ಒಂದು ಗಂಟಿನಾಗ ಬಿಳಿ ಪುಡಿ ಬಂತು.

"ಏನಿದು?"

"ಗೊತ್ತಿಲ್ರಿ."

ಆಕಿ ಮುಖ ಬಿಗೀತು. ಗಂಟು ಕೊಟ್ಟ ಎದುರುಮನಿ ಶಾಂತವ್ವಗ ಫೋನ್ ಹಚ್ಚಿದೆ.

"ರಂಗೋಲಿ ಪುಡಿರಿ, ನಿಮ್ಮ ತಂಗಿ ಬಾಗಿಲ ಮುಂದ ಹಾಕಲಿ ಅಂತ," ಅಂದಳು.

ಪುಡಿ ಅಲ್ಲೇ ಉಳೀತು, ನಾ ವಿಮಾನ ಹತ್ತಿದೆ.

ಊರಿಗೆ ಬಂದು ಇದನ್ನ ಹೇಳಿದರ ಯಾರೂ ಸಿಟ್ಟಾಗಲಿಲ್ಲ. ಈಗ ಗಂಟು ಕೊಡೋ ಮುಂಚೆ ತಾವೇ ಬಿಚ್ಚಿ ತೋರಸ್ತಾರ, ನಾ ಇಲ್ಲೇ ಪಕ್ಕದ ಶಹಾಪುರ ಸಂತಿಗೆ ಹೊಂಟಿದ್ದರೂ.