ಹೆಬ್ಬೆರಳುದ್ದದ ನೀರುನಾಯಿ

ಕುಶಾಲನಗರದ ಬಸ್ ಸ್ಟ್ಯಾಂಡಿನ ಎದುರಿಗಿರುವ ಫ್ಯಾನ್ಸಿ ಅಂಗಡಿಗೆ ನಾನು ಹೋಗಿದ್ದು ಬ್ಲೌಸಿನ ಹುಕ್ಕು, ಸೀರೆಯ ಫಾಲ್ಸು ತರುವುದಕ್ಕೆ. ಗಲ್ಲಾದ ಪಕ್ಕ ಒಂದು ಪ್ಲಾಸ್ಟಿಕ್ ಬುಟ್ಟಿ ಇತ್ತು. ಅದರ ತುಂಬ ಪುಟ್ಟ ಪುಟ್ಟ ಪ್ರಾಣಿಗಳು. ಎಲ್ಲಕ್ಕಿಂತ ಮೇಲೆ ಒಂದು ನೀರಾನೆ ಬಾಯಿ ತೆರೆದುಕೊಂಡು ಬಿದ್ದಿತ್ತು. ಆಕಳಿಸುತ್ತಿದೆಯೋ ಜಗಳಕ್ಕೆ ನಿಂತಿದೆಯೋ ಗೊತ್ತಾಗಲಿಲ್ಲ. ಕೈಗೆತ್ತಿಕೊಂಡೆ. ಬಾಯೊಳಗೆ ನಾಲಿಗೆ ಇತ್ತು, ನಾಲಿಗೆಯ ಆಚೀಚೆ ಅಕ್ಕಿನುಚ್ಚಿನಷ್ಟು ಹಲ್ಲುಗಳಿದ್ದವು. ಯಾರೋ ಎಲ್ಲೋ ಕೂತು ಆ ಹಲ್ಲುಗಳಿಗೆ ಒಂದೊಂದಾಗಿ ಬಣ್ಣ ಮುಟ್ಟಿಸಿದ್ದಾರೆ ಎಂದು ಹೊಳೆದದ್ದೇ ಮೈ ಜುಮ್ಮೆಂದಿತು. ನನಗಾಗ ನಲವತ್ತೆರಡು. ಮನೆಯಲ್ಲಿ ಆಟಿಕೆಯ ವಯಸ್ಸಿನವರು ಯಾರೂ ಇರಲಿಲ್ಲ. ಮಗು ಗಂಡೋ ಹೆಣ್ಣೋ ಎಂದು ಅಂಗಡಿಯವಳು ಕೇಳಿದಳು. ಹೆಣ್ಣು ಎಂದೆ. ಅದೇನೂ ಸುಳ್ಳಾಗಿರಲಿಲ್ಲ.

ಸುಂಟಿಕೊಪ್ಪದಲ್ಲಿ ನನ್ನದೊಂದು ಟೈಲರಿಂಗ್ ಅಂಗಡಿ ಇದೆ. ನೀರಾನೆಯನ್ನು ಹೊಲಿಗೆ ಯಂತ್ರದ ಮೇಲೆ, ನೂಲುಂಡೆಯ ಪಕ್ಕದಲ್ಲಿ ನಿಲ್ಲಿಸಿದೆ. ಯಂತ್ರ ಓಡುವಾಗ ಅದು ಸಣ್ಣಗೆ ನಡುಗುತ್ತ ಮುಂದೆ ಸರಿಯುತ್ತಿತ್ತು. ಒಂದು ತೋಳು ಹೊಲಿದು ಮುಗಿಸುವಷ್ಟರಲ್ಲಿ ಎರಡು ಇಂಚು ನಡೆದಿರುತ್ತಿತ್ತು. ನೋಡಿ ನೋಡಿ ನಗು ಬರುತ್ತಿತ್ತು. ಹದಿನೈದು ದಿನ ಕಳೆಯುವುದರೊಳಗೆ ಅದಕ್ಕೆ ಜೊತೆ ಬೇಕೆನ್ನಿಸಿತು. ಜೊತೆಗೆಂದು ಜೀಬ್ರಾ ಬಂತು, ಜೀಬ್ರಾ ಬಂದ ಮೇಲೆ ಸಿಂಹ ಇಲ್ಲದಿದ್ದರೆ ಹೇಗೆ? ವರ್ಷ ತುಂಬುವ ಹೊತ್ತಿಗೆ ಗೋಡೆಗೆ ಮೂರು ಹಲಗೆ ಹೊಡೆಸಿದ್ದೆ.

ಸಿಕ್ಕಿದ್ದನ್ನೆಲ್ಲ ತರುತ್ತಿರಲಿಲ್ಲ. ನನ್ನ ಹೆಬ್ಬೆರಳಿಗಿಂತ ಉದ್ದ ಇರಬಾರದು, ತನ್ನ ಕಾಲ ಮೇಲೆ ತಾನು ನಿಲ್ಲಬೇಕು, ಮುಖ ನೋಡಿದರೆ ಅದಕ್ಕೆ ಏನೋ ಯೋಚನೆ ಇದೆ ಅನ್ನಿಸಬೇಕು. ಈ ಮೂರನೆಯದೇ ಕಷ್ಟದ್ದು. ಕಣ್ಣಿನ ಕಪ್ಪಿನೊಳಗೆ ಸೂಜಿಮೊನೆಯಷ್ಟು ಬಿಳಿ ಚುಕ್ಕೆ ಸರಿಯಾದ ಜಾಗದಲ್ಲಿ ಬಿದ್ದಿದ್ದರೆ ಪ್ರಾಣಿಗೆ ಜೀವ ಬರುತ್ತದೆ, ಕೂದಲೆಳೆ ಆಚೆ ಬಿದ್ದರೆ ಬರೀ ಪ್ಲಾಸ್ಟಿಕ್. ಒಂದೇ ಬುಟ್ಟಿಯ ಇಪ್ಪತ್ತು ನರಿಗಳಲ್ಲಿ ಹತ್ತೊಂಬತ್ತು ಪೆದ್ದಾಗಿದ್ದು ಒಂದು ಮಾತ್ರ ನಿಮ್ಮನ್ನೇ ನೋಡುತ್ತಿರುತ್ತದೆ. ಆ ಒಂದನ್ನು ಹುಡುಕುವಾಗ ನನ್ನ ಕಿವಿಗೆ ಬಸ್ಸಿನ ಹಾರನ್ನೂ ಕೇಳಿಸುವುದಿಲ್ಲ. ಮೊಬೈಲಿನಲ್ಲಿ ಒಮ್ಮೆ ತರಿಸಿ ನೋಡಿದೆ. ಬಂದ ಜಿರಾಫೆ ಮೊಣಕೈಯುದ್ದ ಇತ್ತು, ಮುಖವೂ ಸಪ್ಪೆ. ಕಣ್ಣಲ್ಲಿ ಕಣ್ಣಿಟ್ಟು ನೋಡದೆ ತರುವಂಥ ವಸ್ತುವಲ್ಲ ಇದು.

ಗಿರಾಕಿಗಳಿಗೂ ರುಚಿ ಹತ್ತಿತು. ಕಾಫಿ ಎಸ್ಟೇಟಿನ ಲೈನ್ ಮನೆಗಳಿಂದ ಬ್ಲೌಸ್ ಹೊಲಿಸಲು ಬರುವ ಹೆಂಗಸರು ಅಳತೆ ಕೊಡುವುದು ಬಿಟ್ಟು ಹಲಗೆಯ ಮುಂದೆ ನಿಂತುಬಿಡುತ್ತಿದ್ದರು. ಅವರಲ್ಲಿ ಒಬ್ಬಾಕೆ ತಮಿಳು ಮನೆಮಾತಿನವಳು, ಮೂವತ್ತು ವರ್ಷ ಕಾಫಿ ಪಿಕ್ಕಿಂಗ್ ಮಾಡಿದ ಕೈ. ಕಾಡುಕೋಣವನ್ನು ಎತ್ತಿ ತಿರುಗಿಸಿ ನೋಡಿ ನನಗೆ ಪಾಠ ಹೇಳಿದಳು.

"ಅಕ್ಕಾ, ಕಾಟಿಗೆ ಕಾಲು ಬೆಳ್ಳಗೆ ಇರ್ಬೇಕು. ಸಾಕ್ಸ್ ಹಾಕ್ದಂಗೆ. ಇದನ್ನ ಮಾಡ್ದೋನು ಕಾಟಿ ನೋಡೇ ಇಲ್ಲ."

ನಾನು ಅಂಗಡಿಯಲ್ಲಿದ್ದ ಬಿಳಿ ನೈಲ್ ಪಾಲಿಶ್ ತೆಗೆದೆ. ಅವಳು ಕೋಣವನ್ನು ಹಿಡಿದುಕೊಂಡಳು, ನಾನು ಅದರ ಕಾಲಿಗೆ ಬಳಿದೆ. ಒಣಗಿದ ಮೇಲೆ ನಿಲ್ಲಿಸಿದರೆ ಅದು ತೋಟದ ಬೇಲಿ ದಾಟಿ ಆಗಷ್ಟೇ ಬಂದ ಹಾಗಿತ್ತು. ಇಬ್ಬರೂ ಬಹಳ ಹೊತ್ತು ಅದನ್ನೇ ನೋಡಿದೆವು. ಬ್ಲೌಸಿನ ಅಳತೆ ತೆಗೆಯುವುದೇ ಮರೆತುಹೋಯಿತು.

ಮನೆಯಲ್ಲಿ ಮಾತ್ರ ಒಂದು ಕಟ್ಟಳೆ ಇತ್ತು. ನನ್ನ ಅತ್ತೆ ಸೋಮವಾರಪೇಟೆ ಕಡೆಯವರು, ಕಡಿಮೆ ಮಾತಿನವರು. ನನ್ನ ಹುಚ್ಚನ್ನು ಅವರು ಆಡಿಕೊಳ್ಳಲಿಲ್ಲ. "ಯಾವುದಾದ್ರೂ ತಗೊಂಬಾ. ಆನೆ ಒಂದು ಬ್ಯಾಡ ಕಣವ್ವ," ಎಂದಿದ್ದರು. ಹಿಂದೆ ಸೌದೆಗೆ ಹೋದಾಗ ಕಾಫಿ ಗಿಡಗಳ ಮಧ್ಯೆ ಆನೆ ಎದುರಾಗಿ, ಓಡುವಾಗ ಬಿದ್ದು, ಅವರ ಎಡಗೈ ಮುರಿದಿತ್ತು. ಆ ಕೈ ಈಗಲೂ ಪೂರ್ತಿ ಮೇಲೆ ಹೋಗುವುದಿಲ್ಲ. ನಾನು ಒಪ್ಪಿಕೊಂಡೆ. ಅಂಗಡಿಯ ಹಲಗೆಯಲ್ಲೂ ಆನೆ ಇಡಲಿಲ್ಲ.

ನನಗೆ ಬೇಕಾಗಿದ್ದದ್ದು ಆನೆ ಅಲ್ಲ, ನೀರುನಾಯಿ. ಹಾಸನದ ಕಡೆಯಿಂದ ಬಂದು ಕುಶಾಲನಗರದ ಹತ್ತಿರ ಶುಂಠಿ ಬೆಳೆಯುತ್ತಿದ್ದ ಅಪ್ಪ, ನಾನು ಚಿಕ್ಕವಳಿದ್ದಾಗ ಒಂದು ಬೆಳಿಗ್ಗೆ ನನ್ನನ್ನು ಹೊಳೆಯಂಚಿಗೆ ಕರೆದುಕೊಂಡು ಹೋಗಿ ತುಟಿಯ ಮೇಲೆ ಬೆರಳಿಟ್ಟು ತೋರಿಸಿದ್ದರು. ಬಂಡೆಯ ಮೇಲೆ ನಾಲ್ಕು ನೀರುನಾಯಿ. ಅವುಗಳಲ್ಲಿ ಒಂದು, ಮೀನನ್ನು ಎರಡೂ ಕೈಯಲ್ಲಿ ಹಿಡಿದು, ಮುಸುಕಿನಜೋಳ ತಿನ್ನುವವರ ಹಾಗೆ ತಿನ್ನುತ್ತಿತ್ತು. ಅಂಥ ಆಟಿಕೆ ಮಾಡುವವರು ಯಾರೂ ಇದ್ದಂತಿರಲಿಲ್ಲ. ಎಲ್ಲ ಬುಟ್ಟಿಗಳಲ್ಲೂ ಸಿಂಹ, ಜಿರಾಫೆ, ಮತ್ತೆ ಸಿಂಹ.

ಹೋದ ವರ್ಷ ವಿರಾಜಪೇಟೆಯಿಂದ ಬಂದ ಗಿರಾಕಿಯೊಬ್ಬಳು, ಅಲ್ಲಿನ ಹಳೆಯ ಆಟಿಕೆ ಅಂಗಡಿ ಮುಚ್ಚುತ್ತಿದೆ, ಅಟ್ಟದಿಂದ ಪೆಟ್ಟಿಗೆಗಳನ್ನು ಇಳಿಸಿದ್ದಾರೆ ಎಂದು ಹೇಳಿದಳು. ಮಾರನೆಯ ಬೆಳಿಗ್ಗೆಯೇ ಅಂಗಡಿಗೆ ಬೀಗ ಹಾಕಿ ಸಿದ್ದಾಪುರದ ಮೇಲೆ ಹೋಗುವ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಡ್ರೈವರ್ ಬೇಕೆಂದೇ ನಿಧಾನ ಮಾಡುತ್ತಿದ್ದಾನೆ ಅನ್ನಿಸುತ್ತಿತ್ತು.

ಅಂಗಡಿಯ ಯಜಮಾನರು ಮಲಯಾಳಿ, ಮಂಡಿನೋವಿನವರು. ಆ ಜಾಗದಲ್ಲಿ ಇನ್ನು ಮಗಳು ಮೊಬೈಲ್ ಕವರ್ ಮಾರುತ್ತಾಳಂತೆ. ಪ್ರಾಣಿಗಳ ಪೆಟ್ಟಿಗೆ ಹಿಂದಿದೆ, ಹೋಗಿ ನೋಡಿ ಎಂದರು. ಹಿಂದೆ ಹೋದರೆ ಪೆಟ್ಟಿಗೆಯ ಮುಂದೆ ಆಗಲೇ ಒಬ್ಬರು ಧೂಳಿನ ಮೋಡದಲ್ಲಿ ಕೂತಿದ್ದರು. ಎಪ್ಪತ್ತು ದಾಟಿದ ಕೊಡವರು, ಇಸ್ತ್ರಿ ಮಾಡಿದ ಷರ್ಟು, ತಿರುಚಿದ ಮೀಸೆ. ಸೈನ್ಯದಲ್ಲಿದ್ದವರು ಎಂದು ಬೆನ್ನು ನೋಡಿದರೇ ತಿಳಿಯುತ್ತಿತ್ತು. ನಾಲ್ಕು ವರ್ಷದಲ್ಲಿ ಮೊದಲ ಬಾರಿ ನನ್ನಂಥವರು ಇನ್ನೊಬ್ಬರು ಕಂಡಿದ್ದರು, ಅದೂ ನನಗಿಂತ ಮೊದಲು ಬಂದು.

ಅವರು ನನ್ನ ಮುಖ ನೋಡಿದರು, ಚೀಲ ನೋಡಿದರು, ಏನೂ ಕೇಳದೆ ಸ್ಟೂಲನ್ನು ಸ್ವಲ್ಪ ಸರಿಸಿ ಜಾಗ ಮಾಡಿಕೊಟ್ಟರು. ಇಬ್ಬರೂ ಕೈ ಹಾಕಿದೆವು. ಹಳೆಯ ಕಾಲದ ಮಾಲು, ತೂಕವಾಗಿತ್ತು, ರಬ್ಬರಿನ ವಾಸನೆ. ಗೊರಸಿನ ಸೀಳು, ಕತ್ತೆಕಿರುಬದ ಕತ್ತಿನ ಕೂದಲು, ಎಲ್ಲ ಕಾಣುತ್ತಿತ್ತು. ಪೆಟ್ಟಿಗೆಯ ತಳದಲ್ಲಿ, ಒಂದು ಮುರಿದ ದೋಣಿಯ ಕೆಳಗೆ, ಕಂದು ಬಣ್ಣದ ಚಪ್ಪಟೆ ಬಾಲ ಕಂಡಿತು. ನಾನು ಕೈ ಚಾಚುವುದರೊಳಗೆ ಅವರು ಅದನ್ನು ಎತ್ತಿದ್ದರು.

ನೀರುನಾಯಿ. ಎರಡೂ ಕೈಯಲ್ಲಿ ಮೀನು ಹಿಡಿದಿತ್ತು.

ನನ್ನ ಬಾಯಿಂದ ಏನು ಶಬ್ದ ಹೊರಟಿತೋ ಗೊತ್ತಿಲ್ಲ, ಯಜಮಾನರು ಮುಂದಿನಿಂದ ಏನಾಯಿತೆಂದು ವಿಚಾರಿಸಿದರು. ಮೀಸೆಯವರು ನೀರುನಾಯಿಯನ್ನು ನಮ್ಮಿಬ್ಬರ ಮಧ್ಯೆ ನೆಲದ ಮೇಲೆ ಇಟ್ಟರು.

"ಒಂದು ಕೆಲ್ಸ ಮಾಡೋಣ," ಎಂದರು. "ಒಳ್ಳೇದನ್ನೆಲ್ಲ ಸಾಲಾಗಿ ನಿಲ್ಲಿಸೋಣ. ಒಂದು ನಾನು, ಒಂದು ನೀವು. ಮೊದಲನೇದು ನಂದು."

ಸಾಲು ನಿಲ್ಲಿಸುವಷ್ಟು ಹೊತ್ತೂ ನನ್ನ ಕಣ್ಣು ನೀರುನಾಯಿಯ ಮೇಲೆಯೇ ಇತ್ತು. ಅವರು ಗಂಭೀರವಾಗಿ, ಪೆರೇಡ್ ತಪಾಸಣೆ ಮಾಡುವವರಂತೆ ತುದಿಯಿಂದ ತುದಿಗೆ ನೋಡಿದರು. ನೀರುನಾಯಿಯ ಹತ್ತಿರ ಬೆರಳು ನಿಂತಿತು. ಮುಂದೆ ಹೋಯಿತು. ಅವರು ಎತ್ತಿದ್ದು ಒಂದು ಎತ್ತನ್ನು.

"ನಂದು ಗದ್ದೆ ಮನೆ ಸೆಟ್," ಎಂದರು. "ಕಾಡು ಪ್ರಾಣಿ ಇಟ್ಕೊಳಲ್ಲ."

ನಾನು ನೀರುನಾಯಿಯನ್ನು ಎತ್ತಿಕೊಂಡು ಅಲ್ಲಿಯೇ ಅತ್ತುಬಿಟ್ಟೆ. ಅವರು ಗೋಡೆಯ ಕಡೆ ನೋಡುತ್ತ ಕೂತರು. ಆಮೇಲೆ ಆಟ ಮುಂದುವರಿಯಿತು. ಅವರಿಗೆ ಹುಂಜ, ಹಂದಿ, ಬಾತುಕೋಳಿ. ನನಗೆ ಚಿಪ್ಪುಹಂದಿ, ಕಡವೆ, ಗೂಬೆ. ಕೊನೆಗೆ ಉಳಿದದ್ದು ಐದು ಆನೆಗಳ ಹಿಂಡು. ಮನೆಯ ಕಟ್ಟಳೆ ಹೇಳಿದೆ. ಅವರು ಕೇಳಿಸಿಕೊಂಡು, ಹಿಂಡನ್ನು ಒಂಟಿಯಾಗಿ ಬಿಟ್ಟು ಹೋಗುವುದು ಸರಿಯಲ್ಲ ಎಂದಷ್ಟೇ ಹೇಳಿ ನನ್ನ ಚೀಲಕ್ಕೆ ಹಾಕಿದರು.

ಮನೆಯಲ್ಲಿ ಆನೆಗಳನ್ನು ಚೀಲದಲ್ಲೇ ಬಿಟ್ಟು, ಉಳಿದವನ್ನು ಊಟದ ಮೇಜಿನ ಮೇಲೆ ಹರಡಿ ನೀರುನಾಯಿಯನ್ನು ತೊಳೆಯಲು ಹೋದೆ. ಹಿಂತಿರುಗಿದರೆ ಅತ್ತೆ ಚೀಲದೊಳಗೆ ಕೈ ಹಾಕಿ ಐದನ್ನೂ ಹೊರಗೆ ಇಟ್ಟಿದ್ದರು. ನಾನು ತಪ್ಪಾಯಿತು, ನಾಳೆಯೇ ಯಾರಿಗಾದರೂ ಕೊಟ್ಟುಬಿಡುತ್ತೇನೆ ಎಂದೆ. ಅವರು ದೊಡ್ಡ ಹೆಣ್ಣಾನೆಯನ್ನು ಒಂದು ಬೆರಳಿನಿಂದ ಮುಟ್ಟಿದರು. ಅದು ಬಿತ್ತು. ಎತ್ತಿ ನಿಲ್ಲಿಸಿದರು.

"ಅವತ್ತಿಂದೂ ಇಷ್ಟೇ ಇದ್ದಿದ್ರೆ," ಎಂದರು.

ಆಮೇಲೆ ಸಾಲಿನ ಕೊನೆಯಲ್ಲಿ ನಿಂತಿದ್ದ ಮರಿಯನ್ನು ಎತ್ತಿ ನಡುವೆ ಇಟ್ಟರು, ಎರಡು ಆನೆಗಳನ್ನು ಅದರ ಆಚೀಚೆ ಒತ್ತಾಗಿ ನಿಲ್ಲಿಸಿದರು. "ಮರಿನ ಹಿಂದ್ಕೆ ಬಿಡಲ್ಲ ಕಣವ್ವ ಅವು. ಅವತ್ತೂ ಹಿಂಗೇ ಇತ್ತು. ಮರಿ ಇದ್ದಿದ್ಕೇ ನನ್ನ ಓಡ್ಸಿದ್ದು ಅದು. ನಂಗೇನೋ ಮಾಡ್ಬೇಕು ಅಂತಲ್ಲ."

ಈ ಮಾತನ್ನು ಅವರು ಅದುವರೆಗೆ ಯಾರಿಗೂ ಹೇಳಿರಲಿಲ್ಲ. ಹಿಂಡನ್ನು ತಮ್ಮ ಕೋಣೆಯ ಕಿಟಕಿಗೆ ತಾವೇ ಒಯ್ದರು.

ಗದ್ದೆ ಮನೆ ಸೆಟ್ ನೋಡಲು ಬನ್ನಿ ಎಂದು ಮೀಸೆಯವರು ಕರೆದಿದ್ದರು. ಮುಂದಿನ ಭಾನುವಾರ ಅವರ ಮನೆಗೆ ಹೊರಟಾಗ ಅತ್ತೆ ತಾವೂ ಬರುವುದಾಗಿ ಹೇಳಿ ಒಳ್ಳೆಯ ಸೀರೆ ಉಟ್ಟರು. ಅಲ್ಲಿ ಆರು ಜನ ಕೂರುವ ಮೇಜಿನ ತುಂಬ ಗದ್ದೆ, ಕಣ, ಕೊಟ್ಟಿಗೆ. ಆ ಮೇಜಿನಲ್ಲಿ ಊಟ ಮಾಡಿ ವರ್ಷಗಳೇ ಆದವೆಂದು ಅವರ ಹೆಂಡತಿ ಹೇಳಿದರು. ನಾನು ಉಸಿರು ಬಿಗಿಹಿಡಿದು ಒಂದೊಂದೇ ಕೋಳಿಯ ಕಣ್ಣು ನೋಡುತ್ತಿದ್ದೆ. ಅತ್ತೆ ಬಗ್ಗಿ, ಉಳುತ್ತಿದ್ದ ಎತ್ತುಗಳಿಗೆ ಮೂಗುದಾರ ಎಲ್ಲಿ ಎಂದು ಕೇಳಿದರು. ಮೀಸೆಯವರು ಒಳಗೆ ಹೋಗಿ ಕಪ್ಪು ದಾರ, ಸೂಜಿ, ಭೂತಗನ್ನಡಿ ತಂದು ನನ್ನ ಮುಂದಿಟ್ಟರು.

ಹನ್ನೊಂದು ಎತ್ತುಗಳಿದ್ದವು. ಗಂಟು ಎಲ್ಲಿ ಬರಬೇಕೆಂದು ಅತ್ತೆ ಹೇಳುತ್ತಿದ್ದರು, ಮೀಸೆಯವರು ಭೂತಗನ್ನಡಿ ಹಿಡಿದಿದ್ದರು, ನಾನು ಪೋಣಿಸುತ್ತಿದ್ದೆ. ನಾವು ವಾಪಸು ಹತ್ತಬೇಕಿದ್ದ ಬಸ್ಸು ಹಾರನ್ ಹೊಡೆಯುತ್ತ ಹೋದದ್ದು ಕೇಳಿಸಿತು. ಆಗ ನಾವು ಇನ್ನೂ ನಾಲ್ಕನೆಯ ಎತ್ತಿನಲ್ಲಿದ್ದೆವು.