ವಸ್ತಾದರ ಬಲಗೈ

ಕರೀಗೌಡರ ಬಲಗೈ ಅವರ ಬಾಯಿಗಿಂತ ಮೊದಲು ಮಾತಾಡುತ್ತಿತ್ತು. ಅವರು ಕುಸ್ತಿ ಕಲಿಸುವ ಗರಡಿಗೆ ಐದು ನಿಮಿಷ ತಡವಾಗಿ ಬಂದರೆ ಕೆನ್ನೆಗೆ ಒಂದು, ಬಸ್ಕಿ ತಪ್ಪಿದರೆ ಬೆನ್ನಿಗೆ ಎರಡು, ಕುಸ್ತಿ ಗೆದ್ದು ಬಂದು ಕಾಲಿಗೆ ಬಿದ್ದರೂ ಒಂದು. 'ಇದ್ಯಾಕೆ ವಸ್ತಾದ್ರೇ?' ಎಂದರೆ, 'ತಲೆಗೇರಬಾರ್ದು ಅಂತ ಕಣ್ಲಾ' ಎನ್ನುತ್ತಿದ್ದರು. ಏಟು ಬಿದ್ದ ಮೇಲೆ ಅರ್ಧ ಗಂಟೆ ಕಿವಿಯಲ್ಲಿ ಗುಂಯ್ ಎನ್ನುತ್ತಿತ್ತು. ಲಷ್ಕರ್ ಮೊಹಲ್ಲಾದ ಟೈರ್ ಅಂಗಡಿಯಲ್ಲಿ ಕೆಲಸ ಮಾಡುವ ನಾನು ಆ ಸದ್ದು ಕೇಳಿಕೊಂಡೇ ಎಷ್ಟೋ ಟ್ಯೂಬುಗಳಿಗೆ ಪ್ಯಾಚ್ ಹಾಕಿದ್ದೇನೆ.

ಕುಸ್ತಿಯ ಕೆಮ್ಮಣ್ಣಿಗೆ ನಾವು ಮಟ್ಟಿ ಎನ್ನುತ್ತೇವೆ. ಅದಕ್ಕೆ ಎಣ್ಣೆ, ಮಜ್ಜಿಗೆ, ನಿಂಬೆರಸ ಹಾಕಿ ಹದ ಮಾಡುವ ಕೆಲಸವನ್ನು ಗೌಡರು ಯಾರಿಗೂ ಬಿಟ್ಟುಕೊಡುತ್ತಿರಲಿಲ್ಲ. ಮುದುಡಿಹೋದ ಕಿವಿಗಳು, ಕುತ್ತಿಗೆಯೇ ಕಾಣದ ಹೆಗಲು, ಮಂಡಿಯೂರಿ ಮಣ್ಣು ನಾದುವ ಆ ಕೈ. ಅದನ್ನು ನೋಡಿದರೆ ಪ್ರೀತಿಯೂ ಬರುತ್ತಿತ್ತು, ನನ್ನ ಕೈ ತಾನಾಗಿ ಕೆನ್ನೆಗೂ ಹೋಗುತ್ತಿತ್ತು. ಹೊಸಬರು ಸೇರುವ ದಿನ ಹನುಮಂತನ ಪಟದ ಮುಂದೆ ಲಂಗೋಟಿಯಲ್ಲಿ ನಿಲ್ಲಿಸಿ, ಹಿಂದೆ ಮುಂದೆ ಮೈಯೆಲ್ಲ ನೋಡಿ, ಒಂದೇ ಮಾತು ಹೇಳುತ್ತಿದ್ದರು: 'ಕಜ್ಜಿ, ಗಾಯ, ಹುಣ್ಣು, ಎಲ್ಲಾದ್ರೂ ಸರಿ, ಬಂದು ನಂಗೆ ಯೇಳು. ಯೇಳ್ದೋನ್ಗೆ ಏಟಿಲ್ಲ. ಮುಚ್ಕಂಡು ಮಟ್ಟಿಗಿಳಿದ್ರೆ ಮಾತ್ರ ಬುಡಾಕಿಲ್ಲ.' ಮಾತು ಮುಗಿಯುತ್ತಿದ್ದಂತೆ ನೆನಪಿರಲಿ ಎಂದು ಒಂದು ಬಾರಿಸುತ್ತಿದ್ದರು. ಹೀಗಾಗಿ ಆ ಮಾತಿನ ಮೊದಲರ್ಧವನ್ನು ನಮ್ಮಲ್ಲಿ ಯಾರೂ ನಂಬಿರಲಿಲ್ಲ.

ನನಗೆ ಮದುವೆ ಗೊತ್ತಾಗಿದ್ದ ವರ್ಷ ಅದು. ಹುಡುಗಿ ಸವಿತಾ, ಜಯಲಕ್ಷ್ಮಿಪುರಂನ ಒಂದು ಬಟ್ಟೆ ಅಂಗಡಿಯಲ್ಲಿ ಹೊಲಿಗೆ ಕೆಲಸದವಳು. ಇನ್ನೆರಡು ತಿಂಗಳಿತ್ತು. ಅಷ್ಟರಲ್ಲಿ ದೂರದ ಊರಿಗೆ ಕುಸ್ತಿಗೆ ಹೋಗಿ, ಗೆದ್ದು, ಗೆದ್ದ ಮದದಲ್ಲಿ ಲಾಡ್ಜಿನಲ್ಲಿ ಮಾಡಬಾರದ್ದನ್ನು ಮಾಡಿ ಬಂದೆ. ಮೂರು ವಾರಕ್ಕೆ ಲಂಗೋಟಿಯೊಳಗೆ ಒಂದು ಹುಣ್ಣು ಕಂಡಿತು. ನೋವಿಲ್ಲ, ಕೀವಿಲ್ಲ, ಸುಮ್ಮನೆ ಕೂತಿತ್ತು. ಮೊಬೈಲಿನಲ್ಲಿ ಹುಡುಕಿದೆ. ತೆರೆದ ಪುಟವೆಲ್ಲ ನನ್ನನ್ನು ಒಂದೊಂದು ಬಗೆಯಲ್ಲಿ ಸಾಯಿಸಿತು. ಗರಡಿಗೆ ಹೋಗದಿದ್ದರೆ ಗೌಡರು ಯಾಕೆಂದು ಕೇಳುತ್ತಾರೆ. ಅದಕ್ಕೆ ಒಂದರ ಮೇಲೊಂದು ಎರಡು ಲಂಗೋಟಿ ಬಿಗಿದು ದಿನವೂ ಮಟ್ಟಿಗಿಳಿದೆ. ಅದಕ್ಕಿಂತ ದಡ್ಡತನ ಇನ್ನೊಂದಿಲ್ಲ. ಅನ್ನ ಸೇರುತ್ತಿರಲಿಲ್ಲ. ಸವಿತಾ ಫೋನ್ ಮಾಡಿದರೆ ಸಿಡುಕುತ್ತಿದ್ದೆ. ಅಂಗಡಿಯಲ್ಲಿ ಒಬ್ಬ ಗಿರಾಕಿಯ ಮೇಲೆ ಜಾಕ್ ರಾಡ್ ಎತ್ತಿಕೊಂಡು ಹೋದೆ. ನನ್ನ ಮೇಲೆ ನನಗಿದ್ದ ಹೇಸಿಗೆ ಕಂಡವರ ಮೇಲೆಲ್ಲ ಹರಿಯುತ್ತಿತ್ತು.

ಹದಿನೇಳನೇ ದಿನ ಅದು ಮಂಜನ ಮೇಲೆ ಹರಿಯಿತು. ಮಂಜ ನನ್ನ ಜೋಡಿ, ಒಳ್ಳೆಯ ಗೆಳೆಯ. ಪಟ್ಟು ಹಾಕುವಾಗ 'ಏನೋ ಮದುಮಗ, ಮೈ ಬಿಸಿ ಐತಲ್ಲ' ಎಂದು ನಕ್ಕ, ಅಷ್ಟೇ. ಅವನ ತೋಳನ್ನು ಹಿಂದಕ್ಕೆ ತಿರುಚಿ ಬೆನ್ನ ಮೇಲೆ ಮಂಡಿಯೂರಿದೆ. ಅವನು ಸಾಕೆಂದು ಎರಡು ಸಲ ನೆಲ ತಟ್ಟಿದ. ನಾನು ಬಿಡಲಿಲ್ಲ. ಬಾಯಿ ತುಂಬ ಮಣ್ಣು ತುಂಬಿಕೊಂಡು ಕಿರುಚಿದ. ಆಗಲೂ ಬಿಡಲಿಲ್ಲ. ಮೊಣಕೈಯಲ್ಲಿ ಲಟಕ್ ಎಂದಿತು. ಆ ಸದ್ದು ಕೇಳಿ ನನಗೆ ಒಂದು ಗಳಿಗೆ ಹಾಯೆನಿಸಿತು, ಅದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಮಂಜನನ್ನು ಆಟೋದಲ್ಲಿ ಆಸ್ಪತ್ರೆಗೆ ಕಳಿಸಿ, ಗೌಡರು ನನ್ನ ಕಿವಿ ಹಿಡಿದು ಗದೆ, ಎಣ್ಣೆ ಡಬ್ಬ ಇಡುವ ಕೋಣೆಗೆ ಎಳೆದುಕೊಂಡು ಹೋದರು. ಮೊದಲನೇ ಏಟಿಗೆ ತುಟಿ ಒಡೆಯಿತು. ಎರಡನೆಯದಕ್ಕೆ ಗೋಡೆಗೆ ಬಿದ್ದೆ.

'ಯಾರ ಮೇಲ್ಲಾ ನಿನ್ ಸಿಟ್ಟು? ಮಂಜ ಏನ್ ಮಾಡಿದ್ದ ನಿಂಗೆ? ಯೇಳ್ಲಾ!'

ಮೂರನೇ ಏಟಿಗೆ ಕೈ ಎತ್ತಿದ್ದರು. 'ಹುಣ್ಣಾಗದೆ ವಸ್ತಾದ್ರೇ. ಕೆಳ್ಗೆ' ಎಂದೆ.

ಕೈ ಮೇಲೆಯೇ ನಿಂತಿತು. 'ಎಷ್ಟ್ ದಿನ ಆಯ್ತು?'

'ಹದಿನೇಳು.'

'ಎಲ್ಲಿಂದ ತಂದೆ?'

ಹೇಳಿದೆ.

'ಸವಿತನ್ನ ಮುಟ್ಟಿದ್ದೀಯಾ?'

'ಇಲ್ಲ ವಸ್ತಾದ್ರೇ, ದೇವ್ರಾಣೆ.'

ಎತ್ತಿದ ಕೈ ಇಳಿಯಿತು. ನನ್ನ ಮೇಲಲ್ಲ, ಬಾಗಿಲ ಚೌಕಟ್ಟಿನ ಮೇಲೆ. ಮರ ಸೀಳಿತು, ಗೆಣ್ಣುಗಳ ಚರ್ಮ ಕಿತ್ತು ರಕ್ತ ಎಣ್ಣೆ ಡಬ್ಬದ ಮೇಲೆ ಸುರಿಯಿತು. ಗೌಡರು ಟವೆಲ್ ಸುತ್ತಿಕೊಂಡು, 'ಬಟ್ಟೆ ಹಾಕ್ಕೋ, ನಡಿ' ಎಂದರು.

ಸ್ಕೂಟರಿನಲ್ಲಿ ದೊಡ್ಡಾಸ್ಪತ್ರೆಗೆ ಕರೆದೊಯ್ದರು. ಸಾಲಿನಲ್ಲಿ ಹಿಂದೆ ನಿಂತವನೊಬ್ಬ ಬಾಗಿಲ ಮೇಲಿನ 'ಗುಪ್ತರೋಗ ವಿಭಾಗ' ಎಂಬ ಬೋರ್ಡು ಓದಿ ನನ್ನನ್ನು ನೋಡಿ ಹಲ್ಲು ಕಿರಿದ. ಗೌಡರು ಅವನ ಕುತ್ತಿಗೆ ಪಟ್ಟಿ ಹಿಡಿದು ಗೋಡೆಗೆ ಆನಿಸಿ, 'ನೀನೂ ಇದೇ ಬಾಗಿಲಿಗೆ ತಾನೇ ನಿಂತಿರೋದು?' ಎಂದರು. ನರ್ಸಮ್ಮ ಬಂದು ಇಬ್ಬರನ್ನೂ ಗದರಿದರು. ಪರೀಕ್ಷೆಗೆ ರಕ್ತ ಕೊಟ್ಟು ಬಂದು ಬೆಂಚಿನ ಮೇಲೆ ಕೂತೆ. ಗೌಡರು ನನ್ನ ಮಂಡಿಯ ಮೇಲೆ ಟವೆಲ್ ಸುತ್ತಿದ ಕೈ ಒತ್ತಿ ಹಿಡಿದು, ಎದುರಿನ ಗೋಡೆ ನೋಡುತ್ತ ಹೇಳಿದರು:

'ನಂಗೊಬ್ಬ ತಮ್ಮ ಇದ್ದ, ಬೋರ ಅಂತ. ಅವನ್ಗೂ ಇಂಗೇ ಆಗಿತ್ತು. ಬಚ್ಚಿಟ್ಕಂಡ. ಫುಟ್‌ಪಾತ್‌ನೋನ್ತಾವ ಏನೋ ಎಣ್ಣೆ ತಗಂಡು ಅಚ್ಕಂಡ. ಹುಣ್ಣು ಒಣಗ್ತು, ವಾಸಿ ಆಯ್ತು ಅಂತ ಸುಮ್ಕಾದ. ಎಂಡ್ರು ಒಟ್ಟೇಲಿದ್ದ ಮಗ ಸತ್ತೇ ಉಟ್ತು. ಡಾಕ್ಟ್ರು ರಕ್ತ ನೋಡಿ ಇವನ ಕಾಯ್ಲೆಯಿಂದ್ಲೇ ಅಂತ ಯೇಳುದ್ರು. ಅವತ್ತು ಅವನ್ಗೆ ಒಡ್ದೆ ಕಣ್ಲಾ. ದವಡೆ ಕಳಚ್ಕಂಡ್ರೂ ನಿಲ್ಲುಸ್ನಿಲ್ಲ. ಅಂಗೇ ಬಾಯಿ ಇಡ್ಕಂಡು ಮನೆ ಬುಟ್ಟೋನು ತಿರ್ಗಿ ಬರ್ನಿಲ್ಲ.' ನನ್ನ ಕಡೆ ತಿರುಗಿ, 'ಯೇಳ್ದೋನ್ಗೆ ಏಟಿಲ್ಲ ಅನ್ನೋ ಮಾತು ಅವತ್ತಿಂದ ಮಡಗಿರೋದು' ಎಂದರು.

ಸಿಫಿಲಿಸ್ ಎಂದಾಯಿತು. ಡಾಕ್ಟರಮ್ಮ ತಲೆಯೆತ್ತದೆ ಬರೆಯುತ್ತಲೇ, 'ಬೇಗ ಬಂದಿದ್ದೀರಿ, ಪೂರ್ತಿ ಗುಣ ಆಗುತ್ತೆ. ಎಚ್‌ಐವಿ ಇಲ್ಲ, ಆದರೂ ಮೂರು ತಿಂಗಳಾದ ಮೇಲೆ ಇನ್ನೊಂದ್ಸಲ ನೋಡಬೇಕು' ಎಂದರು. ಮಣ್ಣಿನಿಂದ ಬೇರೆಯವರಿಗೆ ಹರಡಿರುತ್ತದೆಯೇ ಎಂದು ಗೌಡರೇ ಕೇಳಿದರು. ಮಣ್ಣಿನಿಂದ ಬರುವಂಥದ್ದಲ್ಲ ಎಂದ ಮೇಲೆ ಅವರ ಹೆಗಲು ಇಳಿಯಿತು. ಎರಡೂ ಕುಂಡಿಗೆ ಒಂದೊಂದು ಸೂಜಿ ಚುಚ್ಚಿದರು. ಗೌಡರ ಯಾವ ಏಟೂ ಅಷ್ಟು ಉರಿದಿರಲಿಲ್ಲ.

ಸವಿತಾಗೆ ಹೇಳದೆ ಗರಡಿ ಬಾಗಿಲು ಮೆಟ್ಟಬೇಡ ಎಂದರು. ಹೇಳಿದೆ. ಪೂರ್ತಿ ಕೇಳಿಸಿಕೊಂಡು, ಕೈಯಲ್ಲಿದ್ದ ಸ್ಟೀಲಿನ ಊಟದ ಡಬ್ಬಿಯನ್ನು ಮುಖಕ್ಕೆ ಬೀಸಿದಳು. ಹುಬ್ಬಿಗೆ ನಾಲ್ಕು ಹೊಲಿಗೆ ಬಿದ್ದವು. ಗೌಡರು ಅದನ್ನು ನೋಡಿ, 'ಎಂಥಾ ಏಟ್ಲಾ! ಆ ಮಗೀನೇ ಗರಡಿಗೆ ಸೇರುಸ್ಕಬೇಕಿತ್ತು' ಎಂದು ಹೊಟ್ಟೆ ಹಿಡಿದು ನಕ್ಕರು. ಮದುವೆ ಮುಂದೆ ಹೋಯಿತು. ನಾಲ್ಕು ತಿಂಗಳು ಮಾತು ಬಿಟ್ಟಿದ್ದವಳು ಎರಡನೇ ರಿಪೋರ್ಟನ್ನು ತಾನೇ ಆಸ್ಪತ್ರೆಗೆ ಬಂದು ಓದಿದಳು, ಡಾಕ್ಟರಮ್ಮನನ್ನು ತಾನೇ ಪ್ರಶ್ನೆ ಕೇಳಿದಳು, ಆಮೇಲೆ ಒಪ್ಪಿದಳು. ಗರಡಿಗೆ ಮರಳಿದ ದಿನ ಗೌಡರು ಮಂಜನನ್ನು ಎದುರಿಗೆ ನಿಲ್ಲಿಸಿಕೊಂಡು ನನ್ನ ಕೆನ್ನೆಗೆ ಬಿಟ್ಟರು. 'ಇದು ಇವನ ಕೈಗೆ. ಈಗ ಇಳಿ ಮಟ್ಟಿಗೆ.' ಮಂಜನ ತೋಳು ಇಂದಿಗೂ ಪೂರ್ತಿ ನೆಟ್ಟಗಾಗುವುದಿಲ್ಲ.

ಹೋದ ವರ್ಷ ಗೌಡರಿಗೆ ಲಕ್ವ ಹೊಡೆಯಿತು. ಒಂಟಿಕೊಪ್ಪಲಿನ ಮಗಳ ಮನೆಯಲ್ಲಿ ಮಲಗಿದ್ದರು. ಸವಿತಾ ಮಾಡಿಕೊಟ್ಟ ರಾಗಿ ಗಂಜಿ ಹಿಡಿದು ಹೋದೆ. ಬಲಗೈ ಹೊದಿಕೆಯ ಮೇಲೆ ತೆಪ್ಪಗೆ ಬಿದ್ದಿತ್ತು. ನಾಲ್ಕು ಚಮಚ ಕುಡಿದು, ತೊದಲುತ್ತಲೇ ಕೇಳಿದರು: 'ಆ ಅದಿನೇಳು ದಿನ ಯಾಕ್ಲಾ ಯೇಳ್ನಿಲ್ಲ? ಯೇಳ್ದೋನ್ಗೆ ಏಟಿಲ್ಲ ಅಂತ ಮೊದುಲ್ನೇ ದಿನಾನೇ ಯೇಳಿದ್ನಲ್ಲ.'

ನಾಚಿಕೆಯಾಯಿತು ಎಂದುಬಿಡಬಹುದಿತ್ತು. ಸಾಯಲು ಮಲಗಿದವರಿಗೆ ಅಷ್ಟು ಸುಳ್ಳು ಹೇಳಿದರೆ ತಪ್ಪೇನಿರಲಿಲ್ಲ. ಆದರೆ ಅವರ ಮುಂದೆ ಮುಚ್ಚಿಟ್ಟುಕೊಳ್ಳುವುದು ನನಗೆ ಸಾಕಾಗಿತ್ತು.

'ನಿಮ್ ಕೈಗೆ ಎದುರ್ಕಂಡಿದ್ದೆ ವಸ್ತಾದ್ರೇ' ಎಂದೆ.

'ಬೋರನೂ ಅಂಗೇ' ಎಂದರು. ಆಮೇಲೆ ಎಡಗೈಯಿಂದ ಆ ಬಲಗೈಯನ್ನು ಎತ್ತಿ ಹೊದಿಕೆಯೊಳಗೆ ತಳ್ಳಿಕೊಂಡರು.

ನಾಲ್ಕನೇ ದಿನ ತೀರಿಕೊಂಡರು. ಸ್ನಾನ ಮಾಡಿಸುವಾಗ ಆ ಕೈಗೆ ನೀರು ಹಾಕಿದವನು ನಾನೇ. ಬೆರಳ ಗೆಣ್ಣುಗಳ ಮೇಲೆ, ನನಗೆ ಬೀಳಬೇಕಿದ್ದ ಮೂರನೇ ಏಟಿನ ಕಲೆ ಹಾಗೆಯೇ ಇತ್ತು.